ಒಳಬರುವ ಕರೆಗಳು ಅರ್ಧ ನಿಮಿಷಕ್ಕೇ ಕಡಿದುಹೋಗುತ್ತಿವೆ: ಐಪಿ ಪಿಬಿಎಕ್ಸ್ ಮತ್ತು ಹೊಸ ಫೈರ್‌ವಾಲ್

ಪ್ರಶ್ನೆ (ಭೋಸರಿ, ಪುಣೆ)

ನಮಸ್ಕಾರ. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಯಂತ್ರಭಾಗ ತಯಾರಿಸುವ ಘಟಕವೊಂದರಲ್ಲಿ ದೂರವಾಣಿ ಮತ್ತು ನೆಟ್‌ವರ್ಕ್ ವ್ಯವಸ್ಥೆಯ ಹೊಣೆ ನನ್ನದು. ನಮ್ಮಲ್ಲಿರುವುದು ಆಸ್ಟರಿಸ್ಕ್ ತಂತ್ರಾಂಶ ಆಧಾರಿತ ಐಪಿ ಪಿಬಿಎಕ್ಸ್, ಅಂದರೆ ನೆಟ್‌ವರ್ಕ್ ಮೂಲಕ ಕೆಲಸ ಮಾಡುವ ಕಚೇರಿಯ ದೂರವಾಣಿ ವಿನಿಮಯ ವ್ಯವಸ್ಥೆ. ಹೊರಗಿನ ಕರೆಗಳು ಇಂಟರ್ನೆಟ್ ಮೇಲಿನ ಸಿಪ್ ಟ್ರಂಕ್ (ಸಿಪ್ ಎಂಬ ಕರೆ-ಸಂಕೇತ ಪದ್ಧತಿಯ ದೂರವಾಣಿ ಸಂಪರ್ಕ) ಮೂಲಕ ಬರುತ್ತವೆ. ಹಳೆಯ ರೌಟರ್ ತೆಗೆದು ಫೈರ್‌ವಾಲ್ ಅಳವಡಿಸಿದ ಮೇಲೆ ಒಳಬರುವ ಪ್ರತಿಯೊಂದು ಕರೆಯೂ ಸುಮಾರು ಅರ್ಧ ನಿಮಿಷಕ್ಕೆ ಕಡಿದುಹೋಗುತ್ತಿದೆ. ಅಷ್ಟು ಹೊತ್ತು ಎರಡೂ ಕಡೆಯ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಹೊರಹೋಗುವ ಕರೆಗಳಿಗೆ ಈ ತೊಂದರೆಯಿಲ್ಲ. ಬೆಳಗಾವಿಯ ಫೌಂಡ್ರಿಗಳವರು ಎರಕದ ಅಳತೆ ವಿಚಾರಿಸಲು ಕರೆ ಮಾಡಿದರೆ ಮಾತು ಮುಗಿಯುವ ಮೊದಲೇ ಕರೆ ನಿಲ್ಲುವುದರಿಂದ ಖರೀದಿ ವಿಭಾಗದವರು ಬಹಳ ಕಷ್ಟಪಡುತ್ತಿದ್ದಾರೆ. ಇದಲ್ಲದೆ, ವಿನ್ಯಾಸ ವಿಭಾಗದವರು ದೊಡ್ಡ ಡ್ರಾಯಿಂಗ್ ಕಡತಗಳನ್ನು ಕ್ಲೌಡ್‌ಗೆ ಏರಿಸುವ ವೇಳೆ ನಮ್ಮ ಮಾತು ಆ ಕಡೆಯವರಿಗೆ ತುಂಡುತುಂಡಾಗಿ ಕೇಳಿಸುತ್ತದೆ. ಸೇವಾ ಸಂಸ್ಥೆಯವರು ಲೈನ್ ಸರಿಯಿದೆ ಎನ್ನುತ್ತಾರೆ. ಫೈರ್‌ವಾಲ್ ಹಾಕಿದವರು ಪಿಬಿಎಕ್ಸ್ ಬದಲಿಸಿ ಎನ್ನುತ್ತಾರೆ. ಎಲ್ಲಿಂದ ಆರಂಭಿಸಲಿ?

ಉತ್ತರ (ಅಂಧೇರಿ, ಮುಂಬೈ)

ಪಿಬಿಎಕ್ಸ್ ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಮೊದಲು ಗಡಿಯಾರ ಹಿಡಿದು ನೋಡಿ. ಕರೆ ಎತ್ತಿಕೊಂಡ 32 ಸೆಕೆಂಡಿಗೇ ಪ್ರತಿ ಬಾರಿಯೂ ಕಡಿಯುತ್ತಿದ್ದರೆ, ದೋಷ ಎಲ್ಲಿದೆ ಎಂಬುದು ಬಹುಮಟ್ಟಿಗೆ ತಿಳಿದಂತೆ. ನಿಮ್ಮವರು ಫೋನ್ ಎತ್ತಿದ ಕೂಡಲೇ ಪಿಬಿಎಕ್ಸ್ ಕರೆ ಎತ್ತಿದ್ದಾಯಿತು ಎನ್ನುವ '200 ಓಕೆ' ಸಂದೇಶ ಕಳುಹಿಸುತ್ತದೆ, ಅದಕ್ಕೆ ಆ ಕಡೆಯಿಂದ 'ಎಸಿಕೆ' ಎಂಬ ಸ್ವೀಕೃತಿ ಬರಬೇಕು. ಬರದಿದ್ದರೆ ಪಿಬಿಎಕ್ಸ್ ಅದೇ ಸಂದೇಶವನ್ನು ಮತ್ತೆ ಮತ್ತೆ ಕಳುಹಿಸಿ, ಅರ್ಧ ಸೆಕೆಂಡಿನ ಮೂಲ ಅವಧಿಯ 64 ಪಟ್ಟು, ಅಂದರೆ 32 ಸೆಕೆಂಡ್ ಕಾದು, ತಾನೇ ಕರೆಯನ್ನು ಮುಗಿಸುತ್ತದೆ. ಇದು ಸಿಪ್‌ನ ಮಾನಕ ದಾಖಲೆಯಾದ 2002ರ ಆರ್‌ಎಫ್‌ಸಿ 3261ರಲ್ಲೇ ಇರುವ ನಿಯಮ. ಧ್ವನಿಯು ಆರ್‌ಟಿಪಿ ಎಂಬ ಬೇರೆ ಹಾದಿಯಲ್ಲಿ ಸಾಗುವುದರಿಂದ, ಮಾತು ಚೆನ್ನಾಗಿ ಕೇಳಿಸಿತೆಂದ ಮಾತ್ರಕ್ಕೆ ಸಂಕೇತಗಳ ಹಾದಿ ಸರಿಯಿದೆ ಎನ್ನಲಾಗದು. ಹೊರಹೋಗುವ ಕರೆಯಲ್ಲಿ ಎಸಿಕೆ ಕಳುಹಿಸುವವರು ನೀವೇ ಆದ್ದರಿಂದ ಅಲ್ಲಿ ದೋಷ ಕಾಣುವುದಿಲ್ಲ. ಆದರೆ ಆ ಕಡೆಯವರು ಫೋನ್ ಇಟ್ಟ ಮೇಲೂ ನಿಮ್ಮ ಫೋನಿನಲ್ಲಿ ಕರೆ ಜಾರಿಯಲ್ಲಿದೆ ಎಂದೇ ತೋರುತ್ತಿದೆಯೇ ನೋಡಿ, ತೋರುತ್ತಿದ್ದರೆ ಕಾರಣ ಒಂದೇ ಇರಬಹುದು.

ವೈರ್‌ಶಾರ್ಕ್ ಎಂಬ ತಂತ್ರಾಂಶದಲ್ಲಿ ಪರಿಶೀಲಿಸಲು ಎರಡು ಕಡೆ ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಸಾಗುವ ದತ್ತಾಂಶದ ತುಣುಕು) ಹಿಡಿಯಿರಿ: ಪಿಬಿಎಕ್ಸ್ ಬಳಿ ಒಂದು, ಫೈರ್‌ವಾಲ್‌ನ ಹೊರಮುಖದಲ್ಲಿ ಇನ್ನೊಂದು. ಎಸಿಕೆ ಹೊರಮುಖದವರೆಗೆ ಬಂದು ಒಳಗೆ ಬಾರದಿದ್ದರೆ ಫೈರ್‌ವಾಲ್ ತಡೆಯುತ್ತಿದೆ. ಹೊರಮುಖಕ್ಕೂ ಬಾರದಿದ್ದರೆ, ಹೊರಗೆ ಹೋದ 200 ಓಕೆಯಲ್ಲಿ, ಮುಂದಿನ ಸಂದೇಶಗಳನ್ನು ಎಲ್ಲಿಗೆ ಕಳುಹಿಸಬೇಕೆಂದು ಹೇಳುವ 'ಕಾಂಟ್ಯಾಕ್ಟ್' ಸಾಲಿನಲ್ಲಿ 192.168 ಎಂದು ಆರಂಭವಾಗುವ ಒಳವಿಳಾಸವಿದೆಯೇ ಪರೀಕ್ಷಿಸಿ. ಇಂಟರ್ನೆಟ್ಟಿನ ಮೂಲಕ ಆ ವಿಳಾಸಕ್ಕೆ ಯಾವ ಸಂದೇಶವೂ ತಲುಪದು. ಸಿಪ್ ಸಂದೇಶಗಳೊಳಗಿನ ವಿಳಾಸಗಳನ್ನು ಫೈರ್‌ವಾಲ್ ತಾನಾಗಿ ತಿದ್ದುವ ಸಿಪ್ ಎಎಲ್‌ಜಿ ಎಂಬ ಸೌಲಭ್ಯ ಚಾಲೂ ಇದ್ದರೆ ಬಂದ್ ಮಾಡಿ, ಪಿಬಿಎಕ್ಸ್‌ನಲ್ಲೇ ನಿಮ್ಮ ಸ್ಥಿರ ಸಾರ್ವಜನಿಕ ವಿಳಾಸವನ್ನೂ ಒಳಜಾಲದ ವ್ಯಾಪ್ತಿಯನ್ನೂ ನಮೂದಿಸಿ. ಪ್ಯಾಕೆಟ್ ನೋಡದೆ ಸೆಟ್ಟಿಂಗ್ ಬದಲಿಸುತ್ತ ಹೋಗಬೇಡಿ ಎಂಬುದು ನನ್ನ ಕಳಕಳಿಯ ಮನವಿ.

ಉತ್ತರ (ವೆರ್ನಾ, ಗೋವಾ)

ಮಾತು ತುಂಡಾಗುವುದು ಬೇರೆಯೇ ದೋಷ. ಜಿ.711 ಎಂಬ ಧ್ವನಿ ಸಂಕೇತೀಕರಣದಲ್ಲಿ ಒಂದು ಕರೆಗೆ ಈಥರ್ನೆಟ್ ಸೇರಿ ಪ್ರತಿ ದಿಕ್ಕಿಗೆ ಸುಮಾರು 87 ಕೆಬಿಪಿಎಸ್ ಸಾಕು. ಇಪ್ಪತ್ತು ಕರೆಗಳಿಗೂ 2 ಎಂಬಿಪಿಎಸ್‌ಗಿಂತ ಕಡಿಮೆಯೇ ಸಾಕು. ಆದ್ದರಿಂದ ಹೆಚ್ಚಿನ ವೇಗದ ಸಂಪರ್ಕ ಕೊಳ್ಳುವುದಕ್ಕಿಂತ, ಡ್ರಾಯಿಂಗ್ ಕಡತಗಳ ಹಿಂದೆ ಧ್ವನಿಯ ಪ್ಯಾಕೆಟ್‌ಗಳು ಸರದಿಯಲ್ಲಿ ನಿಲ್ಲದಂತೆ ನೋಡಿಕೊಳ್ಳುವುದು ಮುಖ್ಯ. ಫೋನ್‌ಗಳಿಗೆ ಪ್ರತ್ಯೇಕ ವಿಎಲ್ಯಾನ್ (ಅದೇ ತಂತಿಗಳ ಮೇಲಿನ ಬೇರೆ ಒಳಜಾಲ) ಮಾಡಿ, ಧ್ವನಿಯ ಪ್ಯಾಕೆಟ್‌ಗಳಿಗೆ ಆದ್ಯತೆ ಸೂಚಿಸುವ ಡಿಎಸ್‌ಸಿಪಿ 46ರ ಗುರುತು ಕೊಡಿ. ಫೈರ್‌ವಾಲ್‌ನಲ್ಲಿ ಅಪ್‌ಲೋಡ್ ಮಿತಿಯನ್ನು ಲೈನ್‌ನ ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ ಇಟ್ಟರೆ ಮಾತ್ರ ಸರದಿಯು ನಿಮ್ಮ ಫೈರ್‌ವಾಲ್‌ನಲ್ಲೇ ನಿಂತು ಧ್ವನಿಗೆ ಆದ್ಯತೆ ಸಿಗುತ್ತದೆ. ಆ ಗುರುತನ್ನು ಸಾರ್ವಜನಿಕ ಇಂಟರ್ನೆಟ್ ಮನ್ನಿಸುತ್ತದೆ ಎಂದು ನಂಬಿಕೊಳ್ಳಬೇಡಿ.

ಸ್ವಿಚ್ ಪೋರ್ಟ್‌ಗಳ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟ ದತ್ತಾಂಶ) ಎಣಿಕೆಯನ್ನೂ ಒಮ್ಮೆ ನೋಡಿ. ಇಲ್ಲಿ ಕರಾವಳಿಯ ಮಳೆಗಾಲದಲ್ಲಿ ಕನೆಕ್ಟರ್‌ಗಳಿಗೆ ತೇವ ಹಿಡಿದು ಆ ಎಣಿಕೆ ಏರುವುದನ್ನು ನಾವು ಕಾಣುತ್ತೇವೆ.

ಪ್ರಶ್ನೆ ಕೇಳಿದವರು (ಭೋಸರಿ)

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಸಮಯ ಸರಿಯಾಗಿ 32 ಸೆಕೆಂಡೇ. 200 ಓಕೆ ಪಿಬಿಎಕ್ಸ್‌ನಿಂದ ಸಾರ್ವಜನಿಕ ವಿಳಾಸದೊಂದಿಗೇ ಹೊರಟರೂ ಫೈರ್‌ವಾಲ್ ದಾಟುವಾಗ ಎಎಲ್‌ಜಿ ಅದರ ಕಾಂಟ್ಯಾಕ್ಟ್ ಸಾಲಿನ ಪೋರ್ಟ್ ಸಂಖ್ಯೆಯನ್ನು ತಿದ್ದುತ್ತಿತ್ತು. ಹೀಗಾಗಿ ಎಸಿಕೆ ಹೊರಮುಖದವರೆಗೆ ಬಂದು, ತೆರೆದಿರದ ಪೋರ್ಟ್‌ನಲ್ಲಿ ನಿಲ್ಲುತ್ತಿತ್ತು. ಎಎಲ್‌ಜಿ ಬಂದ್ ಮಾಡಿದ ಮೇಲೆ ಬೆಳಗಾವಿಯ ಕರೆಗಳು ಕಡಿಯುತ್ತಿಲ್ಲ. ಅಪ್‌ಲೋಡ್ ಮಿತಿಯ ಕೆಲಸವನ್ನು ಕಾರ್ಖಾನೆಗೆ ವಾರದ ರಜೆಯಿರುವ ಗುರುವಾರ ಮಾಡುತ್ತೇನೆ.

ಉತ್ತರ (ಅಂಧೇರಿ, ಮುಂಬೈ)

ಸಂತೋಷ. ಅದೇ ಗುರುವಾರ ಫೈರ್‌ವಾಲ್‌ನ ಸಂರಚನೆಯನ್ನು ಕಾಯಂ ಆಗಿ ಉಳಿಸಿ, ಅದರ ಒಂದು ನಕಲನ್ನು ಬೇರೆ ಕಡೆ ತೆಗೆದಿಡಿ. ಕೆಲವು ಉಪಕರಣಗಳಲ್ಲಿ ಫರ್ಮ್‌ವೇರ್ ನವೀಕರಿಸಿದಾಗ ಎಎಲ್‌ಜಿ ತಾನಾಗಿ ಮತ್ತೆ ಚಾಲೂ ಆಗುವುದುಂಟು. ಆದ್ದರಿಂದ ಪ್ರತಿ ನವೀಕರಣದ ನಂತರ ಹೊರಗಿನಿಂದ ಒಂದು ಕರೆ ಮಾಡಿಸಿ, ಒಂದು ನಿಮಿಷ ದಾಟುವವರೆಗೆ ಮಾತನಾಡಿ ನೋಡಿ.