ಟ್ಯೂಬ್ ಕೋಆಗ್ಯುಲೇಸ್: 4 ಗಂಟೆಗೆ ಕಟ್ಟಿದ ಹೆಪ್ಪು ಬೆಳಿಗ್ಗೆ ನೀರು

ಪ್ರಶ್ನೆ:
ಗಾಯದ ಕೀವಿನ ಸ್ಯಾಂಪಲ್. ಬ್ಯಾಕ್ಟೀರಿಯಾ ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸುತ್ತದೆಯೇ ಎಂದು ನೋಡುವ ಕೋಆಗ್ಯುಲೇಸ್ ಟೆಸ್ಟ್ ಮಾಡುತ್ತಿದ್ದೇನೆ (ಹೆಪ್ಪುಗಟ್ಟಿದರೆ ಪಾಸಿಟಿವ್). ಉಪ್ಪು ಹೆಚ್ಚಿರುವ ಮೀಡಿಯಾವಾದ ಮ್ಯಾನಿಟಾಲ್ ಸಾಲ್ಟ್ ಅಗರ್‌ನಲ್ಲಿ ಹಳದಿ ಕಾಲೊನಿ, ಗ್ರಾಮ್ ಪಾಸಿಟಿವ್ ಕಾಕೈ ಗೊಂಚಲು, ಕ್ಯಾಟಲೇಸ್ ಪಾಸಿಟಿವ್. ಅದೇ ಪ್ಲೇಟಿನಿಂದ ಸ್ಲೈಡ್ ಟೆಸ್ಟ್ ಹಾಕಿದರೆ ಪ್ಲಾಸ್ಮಾದಲ್ಲೂ ಕಾಳು (ಕೋಶಗಳ ಗುಂಪು), ಬರೀ ಸಲೈನ್‌ನಲ್ಲೂ ಕಾಳು. ಟ್ಯೂಬಿನಲ್ಲಿ 4 ಗಂಟೆಗೆ ಹೆಪ್ಪುಗಟ್ಟಿತ್ತು, ರಾತ್ರಿಯಿಡೀ 37 ಡಿಗ್ರಿಯಲ್ಲಿಟ್ಟೆ, ಬೆಳಿಗ್ಗೆ ನೀರು. ಪ್ಲಾಸ್ಮಾ ಮನುಷ್ಯರದ್ದು, ತಾನಾಗಿ ಹೆಪ್ಪುಗಟ್ಟದಂತೆ ಸಿಟ್ರೇಟ್ ಹಾಕಿದ್ದು. ಇದು ಸೋಂಕು ತರುವ ಸ್ಟ್ಯಾಫಿಲೋಕಾಕಸ್ ಆರಿಯಸ್ಸೋ, ಚರ್ಮದ ಮೇಲೆ ಸುಮ್ಮನಿರುವ ಅದೇ ಕುಲದ ಎಪಿಡರ್ಮಿಡಿಸ್ಸೋ?

ಉತ್ತರ 1:
ಕರಗಿದ್ದನ್ನು ನೆಗೆಟಿವ್ ಅಂತ ಓದಬೇಡಿ. ಆರಿಯಸ್‌ನ ಎಷ್ಟೋ ತಳಿಗಳು ಸ್ಟ್ಯಾಫಿಲೋಕೈನೇಸ್ ಎಂಬ ಪ್ರೋಟೀನ್ ಬಿಡುತ್ತವೆ. ಅದು ಪ್ಲಾಸ್ಮಾದ ಪ್ಲಾಸ್ಮಿನೋಜನ್ನನ್ನು ಎಬ್ಬಿಸಿ, ಹೆಪ್ಪಿನ ಎಳೆಗಳಾದ ಫೈಬ್ರಿನ್ನನ್ನೇ ತಿನ್ನಿಸುತ್ತದೆ. ಅದಕ್ಕೇ ಮೊದಲ 4 ಗಂಟೆ ಅರ್ಧರ್ಧ ಗಂಟೆಗೊಮ್ಮೆ ನೋಡಬೇಕು. ಕಟ್ಟದಿದ್ದರೆ ಮಾತ್ರ ರೂಮ್ ಟೆಂಪರೇಚರ್‌ನಲ್ಲಿ 24 ಗಂಟೆವರೆಗೆ ಬಿಡಿ.

ಸಲೈನ್‌ನಲ್ಲೇ ಕಾಳಾದರೆ ಆ ಸ್ಲೈಡ್ ಲೆಕ್ಕಕ್ಕಿಲ್ಲ. ಉಪ್ಪು ಹೆಚ್ಚಿರುವ ಮೀಡಿಯಾದ ಕಾಲೊನಿ ಹೀಗೆಯೇ ಆಟವಾಡಿಸುತ್ತದೆ. ಬ್ಲಡ್ ಅಗರ್‌ಗೆ ಸಬ್‌ಕಲ್ಚರ್ ಮಾಡಿ, 18–24 ಗಂಟೆಯ ತಾಜಾ ಬೆಳೆ ತೆಗೆದುಕೊಳ್ಳಿ.

ಪ್ಲಾಸ್ಮಾ ಬದಲಿಸಿ. ಸಿಟ್ರೇಟನ್ನು ಎಂಟೆರೋಕಾಕಸ್‌ನಂಥ ಬ್ಯಾಕ್ಟೀರಿಯಾಗಳು ತಿಂದುಬಿಡುತ್ತವೆ, ಕ್ಯಾಲ್ಸಿಯಂ ಬಿಡುಗಡೆಯಾಗಿ ಪ್ಲಾಸ್ಮಾ ತಾನಾಗಿಯೇ ಕಟ್ಟುತ್ತದೆ. ಕೀವಿನ ಪ್ಲೇಟು ಮಿಶ್ರವಾಗಿದ್ದರೆ ಇದು ನಿಜವಾದ ಅಪಾಯ. ಸಿಟ್ರೇಟ್ ಬದಲು ಇಡಿಟಿಎ ಇರುವ ಮೊಲದ ಪ್ಲಾಸ್ಮಾ 0.5 ಮಿಲೀಗೆ ಒಂದೇ ಬಗೆಯ ಎರಡು-ಮೂರು ಕಾಲೊನಿ ಕಲಸಿ. ಪಕ್ಕದಲ್ಲಿ ಮೂರು ಕಂಟ್ರೋಲ್ ಟ್ಯೂಬ್: ಎಟಿಸಿಸಿ 25923 (ಪಾಸಿಟಿವ್ ಬರಬೇಕಾದ ಆರಿಯಸ್ ತಳಿ), ಎಟಿಸಿಸಿ 12228 (ನೆಗೆಟಿವ್ ಬರಬೇಕಾದ ಎಪಿಡರ್ಮಿಡಿಸ್ ತಳಿ), ಏನೂ ಹಾಕದ ಪ್ಲಾಸ್ಮಾ.

ಟ್ಯೂಬನ್ನು ಅಲ್ಲಾಡಿಸಲೇಬೇಡಿ, ಮೆಲ್ಲಗೆ ಓರೆ ಮಾಡಿ. ಎಳೆ ಹೆಪ್ಪು ಒಡೆದರೆ ಮತ್ತೆ ಕೂಡುವುದಿಲ್ಲ.

ಉತ್ತರ 2:
ಒಂದು ತಿದ್ದುಪಡಿ. ಕೋಆಗ್ಯುಲೇಸ್ ನೆಗೆಟಿವ್ ಅಂದಮಾತ್ರಕ್ಕೆ ನಿರುಪದ್ರವಿ ಅಲ್ಲ. ಅದೇ ಕುಲದ ಇನ್ನೊಂದು ಜಾತಿ ಲಗ್ಡುನೆನ್ಸಿಸ್ ಟ್ಯೂಬಿನಲ್ಲಿ ನೆಗೆಟಿವ್, ಸ್ಲೈಡಿನಲ್ಲಿ ಪಾಸಿಟಿವ್ ಬರಬಹುದು. ಹೃದಯದ ಕವಾಟ ಹಾಳುಮಾಡುವುದರಲ್ಲಿ ಆರಿಯಸ್‌ಗೆ ಕಡಿಮೆಯಿಲ್ಲ. ಸ್ಲೈಡ್ ಹಿಡಿಯುವುದು ಕೋಶಕ್ಕಂಟಿದ ಕ್ಲಂಪಿಂಗ್ ಫ್ಯಾಕ್ಟರ್, ಟ್ಯೂಬ್ ಹಿಡಿಯುವುದು ಹೊರಬಿಟ್ಟ ಕೋಆಗ್ಯುಲೇಸ್. ಎರಡೂ ಬೇರೆ.

ಪ್ರಶ್ನೆ ಕೇಳಿದವರು:
ಮೊಲದ ಪ್ಲಾಸ್ಮಾದಲ್ಲಿ 2 ಗಂಟೆಗೇ ಗಟ್ಟಿ. ಕಂಟ್ರೋಲ್ ಮೂರೂ ಸರಿ. ಸಲೈನ್ ಈಗ ನಯವಾಗಿದೆ. ಅಂದಹಾಗೆ, ಗಾಯ ನಾಯಿ ಕಚ್ಚಿದ್ದು.

ಉತ್ತರ 2:
ಅದನ್ನು ಮೊದಲೇ ಹೇಳಬೇಕಿತ್ತು! ನಾಯಿ ಬಾಯಿಯ ಸ್ಟ್ಯಾಫಿಲೋಕಾಕಸ್ ಸ್ಯೂಡಿಂಟರ್‌ಮೀಡಿಯಸ್ ಕೂಡ ಟ್ಯೂಬಿನಲ್ಲಿ ಹೆಪ್ಪು ಕಟ್ಟಿಸುತ್ತದೆ. ಪಿವೈಆರ್ (ಒಂದು ಕಿಣ್ವವನ್ನು ಬಣ್ಣದಿಂದ ತೋರಿಸುವ ಟೆಸ್ಟ್) ಹಾಕಿ. ಕೆಂಪಾದರೆ ಅದೇ ಇರಬೇಕು, ನೆಗೆಟಿವ್ ಬಂದರೆ ಆರಿಯಸ್ ಅಂತ ಬರೆಯಿರಿ.