ಕರ್ನಲ್‌ಗೇ ಕಾವಲು ಬೇಕಾದರೆ ಯಾರನ್ನು ಕೂರಿಸುವುದು?

ಬಂದರು_ಬಿಲ್ಲಿಂಗ್ (ಮಂಗಳೂರು):
ಬಂದರಿನ ಒಂದು ಅಡಿಕೆ ಮಂಡಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತೇನೆ. ಕಳೆದ ವಾರ ಅಲ್ಲಿನ ಲಿನಕ್ಸ್ ಸರ್ವರ್‌ನ ಫ್ಯಾನ್ ನಿಲ್ಲದೆ ಕಿರುಚುತ್ತಿತ್ತು. ಓಡುತ್ತಿರುವ ಪ್ರೋಗ್ರಾಮ್‌ಗಳ ಪಟ್ಟಿ ತೋರಿಸುವ ಟಾಪ್ ಕಮಾಂಡ್ ಹಾಕಿ ನೋಡಿದೆ. ಸಿಪಿಯು ಪೂರ್ತಿ ಖರ್ಚು, ಆದರೆ ಪಟ್ಟಿಯಲ್ಲಿ ತಿನ್ನುವವರು ಯಾರೂ ಇಲ್ಲ! ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದ ಮೇಲೆ ಗೊತ್ತಾಯಿತು, ಯಾರೋ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ, ಒಂದು ಮಾಡ್ಯೂಲ್ (ಹೆಚ್ಚುವರಿ ಕೋಡ್) ಸೇರಿಸಿ ಕಾಯಿನ್ ಮೈನರ್ (ಕ್ರಿಪ್ಟೋ ನಾಣ್ಯ ಗಳಿಸುವ ಪ್ರೋಗ್ರಾಮ್) ಅಡಗಿಸಿದ್ದರು. ಎಲ್ಲ ಅಧಿಕಾರ ಇರುವ ರೂಟ್ ಖಾತೆಯ ಪಾಸ್‌ವರ್ಡ್ ಮಂಡಿಯ ಫೋನ್ ನಂಬರೇ ಆಗಿತ್ತು, ಆ ತಪ್ಪು ನನ್ನದು.

ಕರ್ನಲ್‌ನ ಕೆಳಗೆ ಪುಟ್ಟ ಹೈಪರ್‌ವೈಸರ್, ಅಂದರೆ ಕರ್ನಲ್‌ನ ಮೇಲೂ ಅಧಿಕಾರ ಇರುವ ಒಂದು ಪದರ, ಕೂರಿಸಿ ಕಾಯಬಹುದು ಅಂತಾರೆ. ಅದೂ ಒಂದು ಪ್ರೋಗ್ರಾಮೇ ಅಲ್ವಾ? ಅದನ್ನೇ ಒಡೆದರೆ ಎಂತ ಮಾಡುವುದು?

ಸುರತ್ಕಲ್_ಸಿಸ್ಟಮ್ಸ್:
ಒಡೆಯಬಹುದು ಮಾರಾಯ್ರೆ. ಅದಕ್ಕೇ ಚಿಕ್ಕದಾಗಿಡುವುದು. 2007ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಸೆಕ್‌ವೈಸರ್ ಅಂತ ಇಂಥದ್ದೇ ಒಂದು ಹೈಪರ್‌ವೈಸರ್ ಮಾಡಿದಾಗ ಲಿನಕ್ಸ್ 2.6.20 ಸುಮಾರು 43 ಲಕ್ಷ ಸಾಲು ಕೋಡ್ ಇತ್ತು. ಹೈಪರ್‌ವೈಸರ್ ಕೆಲವೇ ಸಾವಿರ ಸಾಲು. ಕರ್ನಲ್ ಅದನ್ನು ಕೂಗಿ ಕರೆಯಲು ಎರಡೇ ಹೈಪರ್‌ಕಾಲ್. ಲಿನಕ್ಸ್‌ನಲ್ಲಿ ಅವರು ಸೇರಿಸಿದ್ದು 12 ಸಾಲು, ತೆಗೆದದ್ದು 81.

ಕೆಲಸ ಹೀಗೆ: ಒಪ್ಪಿಗೆ ಸಿಕ್ಕ ಕರ್ನಲ್ ಕೋಡ್ ಇರುವ ಮೆಮೊರಿ ಪುಟಗಳಿಗೆ ಬರೆಯಲು ಬಿಡುವುದಿಲ್ಲ. ಪ್ರೋಗ್ರಾಮ್ ಯೂಸರ್ ಮೋಡ್‌ನಲ್ಲಿ (ಕರ್ನಲ್‌ನ ಅಧಿಕಾರ ಇಲ್ಲದೆ) ಓಡುತ್ತಿದ್ದಾಗ ಕರ್ನಲ್ ಪುಟಗಳನ್ನು ಓಡಿಸಲೂ ಆಗದು. ಹಾಗಾಗಿ ಕರ್ನಲ್‌ಗೆ ಕಾಲಿಟ್ಟ ಕ್ಷಣ ಫಾಲ್ಟ್ ಆಗಿ ಪ್ರೊಸೆಸರ್ ತಡೆಯುತ್ತದೆ. ಹೈಪರ್‌ವೈಸರ್ ಎದ್ದು, ಬಂದದ್ದು ಸರಿಯಾದ ಬಾಗಿಲಿನಿಂದಲೇ ಅಂತ ನೋಡಿ ಬಿಡುತ್ತದೆ. ನೆಟ್‌ವರ್ಕ್ ಕಾರ್ಡ್ ಡಿಎಮ್‌ಎ (ಪ್ರೊಸೆಸರ್ ಮೂಲಕ ಹೋಗದೆ ಮೆಮೊರಿಗೆ ನೇರ ಬರೆಯುವ ದಾರಿ) ಮೂಲಕ ಹಿತ್ತಿಲಿನಿಂದ ಬರೆಯದ ಹಾಗೆಯೂ ತಡೆಯಬೇಕು. ಜನ ಜಾಸ್ತಿ ಮರೆಯುವುದು ಇದನ್ನೇ.

ಮಣಿಪಾಲ_ರಾತ್ರಿಪಾಳಿ:
ಒಂದು ತಕರಾರು. ಇದು ಕಾಯುವುದು ಕೋಡನ್ನು, ಡೇಟಾವನ್ನಲ್ಲ. ಪ್ರಾಸೆಸ್‌ಗಳ ಪಟ್ಟಿ ಡೇಟಾ. ಕರ್ನಲ್‌ನ ಒಂದು ಬಗ್ ಹಿಡಿದು ಆ ಪಟ್ಟಿಯ ಒಂದು ಕೊಂಡಿ ಕಳಚಿದರೆ ಮೈನರ್ ಮತ್ತೆ ಮಾಯ, ಒಂದಕ್ಷರ ಕೋಡ್ ಬದಲಾಗಿರುವುದಿಲ್ಲ. ಇರುವ ಕೋಡಿನ ತುಣುಕುಗಳನ್ನೇ ಪೋಣಿಸಿ ಓಡಿಸುವವರೂ ಇದ್ದಾರೆ. ನಿಮ್ಮ ಕೇಸಲ್ಲಿ ಮಾತ್ರ ಉಪಯೋಗ ಆಗುತ್ತಿತ್ತು. ಆ ಮಾಡ್ಯೂಲ್‌ನ ಹ್ಯಾಶ್ (ಕೋಡಿನ ಬೆರಳಚ್ಚು ಇದ್ದ ಹಾಗೆ) ಒಪ್ಪಿಗೆಯ ಪಟ್ಟಿಯಲ್ಲಿ ಇರುತ್ತಿರಲಿಲ್ಲವಲ್ಲ.

ಬಂದರು_ಬಿಲ್ಲಿಂಗ್:
ಅರ್ಥ ಆಯಿತು. ಹಾಗಾದರೆ ಕೌಂಟರಿನ ವಿಂಡೋಸ್ ಯಂತ್ರದಲ್ಲಿ 'ಮೆಮೊರಿ ಇಂಟೆಗ್ರಿಟಿ' ಅಂತ ಇರುವುದೂ ಇದೇ ಜಾತಿಯದ್ದಾ? ಆನ್ ಮಾಡಲು ಹೋದರೆ ತಕ್ಕಡಿಯ ಹಳೆ ಡ್ರೈವರ್ ಹೊಂದುವುದಿಲ್ಲ ಅನ್ನುತ್ತದೆ. ಧನಿಗಳಿಗೆ ಹೇಳಿದೆ. "ತೂಕ ಬರದಿದ್ದರೆ ನಿನ್ನ ಇಂಟೆಗ್ರಿಟಿ ಇಟ್ಟುಕೊಂಡು ನಾನು ಅಡಿಕೆ ಮಾರುವುದು ಹೇಗೆ?" ಅಂದರು.

ಸುರತ್ಕಲ್_ಸಿಸ್ಟಮ್ಸ್:
ಅದೇ ಜಾತಿ. ಪ್ರೊಸೆಸರ್ ಇಂಟೆಲ್ 7ನೇ ತಲೆಮಾರಿನದೋ ಆಮೇಲಿನದೋ ಆದರೆ ಸುಮ್ನೆ ಆನ್ ಮಾಡಿ, ಹಳತಾದರೆ ನಿಧಾನ ಆಗುತ್ತದೆ. ತಕ್ಕಡಿ ಹೋಗುವುದು ಯುಎಸ್‌ಬಿ-ಸೀರಿಯಲ್ ಕೇಬಲ್ ಮೇಲಾ? ಹಾಗಿದ್ದರೆ ಹೊಂದದ ಡ್ರೈವರ್ ಕೇಬಲಿನದೇ ಇರಬಹುದು, ಅದೊಂದನ್ನೇ ಬದಲಿಸಿ ನೋಡಿ. ತಕ್ಕಡಿ ಮುಟ್ಟಬೇಡಿ, ಧನಿಗಳ ಹತ್ತಿರ ಮತ್ತೆ ಬೈಸಿಕೊಳ್ಳಬೇಕಾದೀತು.