ಜಿಮ್ಯಾಟ್ ಪ್ರಶ್ನೆಯ ‘ಎರಡೂ ಸಾಕು’: ಕನ್ನಡದಲ್ಲಿ ಹೇಗೆ ಬರೆಯೋಣ?

ಗೆಳೆಯರೇ,

ಎಂಬಿಎ ಸೇರಲು ಬರೆಯುವ ಜಿಮ್ಯಾಟ್ ಬಗ್ಗೆ ಕನ್ನಡದಲ್ಲಿ ಒಂದು ವಿವರಣೆ ಬರೆಯುತ್ತಿದ್ದೇನೆ. ಪರೀಕ್ಷೆ ಇಂಗ್ಲಿಷಿನಲ್ಲೇ ಇರುತ್ತದೆ. ಆದರೂ ಪ್ರಶ್ನೆ ಏನು ಕೇಳುತ್ತಿದೆ ಅನ್ನುವುದು ನಮ್ಮ ಮಾತಿನಲ್ಲಿ ಒಮ್ಮೆ ಮನಸ್ಸಿಗೆ ಹತ್ತಿದರೆ, ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಭಯ ಎಷ್ಟೋ ಕಡಿಮೆಯಾಗುತ್ತದೆ. ನನಗೆ ತೊಡಕಾಗಿರುವುದು ‘ಡೇಟಾ ಸಫಿಷಿಯೆನ್ಸಿ’ ಪ್ರಶ್ನೆಗಳು.

ಇವು ಮೊದಲು ಗಣಿತದ ವಿಭಾಗದಲ್ಲಿದ್ದವು. 2023ರ ನವೆಂಬರಿನಲ್ಲಿ ಪರೀಕ್ಷೆಯ ಹೊಸ ರೂಪ ಬಂದಾಗ ‘ಡೇಟಾ ಇನ್‌ಸೈಟ್ಸ್’ ವಿಭಾಗಕ್ಕೆ ಹೋದವು. ಅಲ್ಲಿ 45 ನಿಮಿಷದಲ್ಲಿ ಒಟ್ಟು 20 ಪ್ರಶ್ನೆ. ಈ ಬಗೆಯದರಲ್ಲಿ ಒಂದು ಪ್ರಶ್ನೆ, ಅದರ ಕೆಳಗೆ ಎರಡು ಹೇಳಿಕೆ ಇರುತ್ತವೆ. ಉತ್ತರ ಕೊಡಬೇಕಿಲ್ಲ, ಉತ್ತರ ಹೇಳಲು ಇಷ್ಟು ಮಾಹಿತಿ ಸಾಕೇ ಸಾಲದೇ ಅಂತ ಹೇಳಿದರಾಯಿತು.

ಉದಾಹರಣೆಗೆ: ಒಂದು ಸಂಖ್ಯೆ ಇದೆ, ಅದು ಸೊನ್ನೆಗಿಂತ ದೊಡ್ಡದೇ? ಮೊದಲ ಹೇಳಿಕೆ, ಅದರ ವರ್ಗ 9. ಎರಡನೆಯದು, ಅದರ ಘನ -27. ಮೊದಲನೆಯದರಿಂದ ಸಂಖ್ಯೆ 3 ಆಗಬಹುದು, -3 ಕೂಡ ಆಗಬಹುದು, ಹಾಗಾಗಿ ಸಾಲದು. ಎರಡನೆಯದರಿಂದ -3 ಅಂತ ಖಚಿತವಾಯಿತು. ಪ್ರಶ್ನೆಗೆ ಉತ್ತರ ‘ಅಲ್ಲ’, ಆದರೆ ಮಾಹಿತಿ ‘ಸಾಕು’. ತುಂಬಾ ಜನ ಎಡವುವುದು ಇಲ್ಲೇ: ಉತ್ತರ ‘ಅಲ್ಲ’ ಅಂತ ಬಂದ ಕೂಡಲೇ ‘ಸಾಲದು’ ಅಂತ ಗುರುತು ಹಾಕಿಬಿಡುತ್ತಾರೆ. ಕನ್ನಡದಲ್ಲಿ ಅಲ್ಲ, ಸಾಲದು ಎರಡೂ ಬೇರೆ ಬೇರೆ ಮಾತು, ಹಾಗಾಗಿ ವಿವರಿಸುವುದು ಸಲೀಸು.

ಅದಕ್ಕೇ ‘ದತ್ತಾಂಶ ಪರ್ಯಾಪ್ತತೆ’ ಅಂತೆಲ್ಲ ಬರೆಯಲು ನನಗೆ ಮನಸ್ಸಿಲ್ಲ. ‘ಮಾಹಿತಿ ಸಾಕೇ?’ ಅಂದರೆ ಯಾರಿಗಾದರೂ ತಿಳಿಯುತ್ತದೆ, ಅಲ್ವಾ?

ಕಷ್ಟ ಬರುವುದು ಐದು ಆಯ್ಕೆಗಳಲ್ಲಿ. ಮೊದಲೆರಡು ಸುಲಭ: ‘ಮೊದಲನೆಯದೊಂದೇ ಸಾಕು, ಎರಡನೆಯದೊಂದೇ ಸಾಲದು’, ಇನ್ನೊಂದು ಇದರ ಹಿಂದುಮುಂದು. ಕೊನೆಯದೂ ಸುಲಭ, ‘ಎರಡೂ ಸೇರಿದರೂ ಸಾಲದು’. ಉಳಿದ ಎರಡರಲ್ಲಿ, ಒಂದಕ್ಕೆ ಎರಡು ಹೇಳಿಕೆಗಳೂ ಸೇರಲೇಬೇಕು, ಇನ್ನೊಂದಕ್ಕೆ ಯಾವುದನ್ನು ತೆಗೆದುಕೊಂಡರೂ ಅದೊಂದರಿಂದಲೇ ಉತ್ತರ ಸಿಗುತ್ತದೆ. ‘ಎರಡೂ ಸಾಕು’ ಅಂತ ಬರೆದರೆ ಎರಡು ಅರ್ಥವೂ ಬರುತ್ತದೆ! ‘ಎರಡರಲ್ಲಿ ಒಂದು ಸಾಕು’ ಅಂದರೆ ಯಾವುದೋ ಒಂದು ಮಾತ್ರ ಸಾಕು, ಇನ್ನೊಂದು ಕೆಲಸಕ್ಕೆ ಬಾರದು ಅಂತ ಕೆಲವರು ಓದಿಕೊಳ್ಳುತ್ತಾರೆ.

ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಬಿಡಿಯಾಗಿ ಯಾವುದೂ ಸಾಲದು, ಎರಡೂ ಸೇರಿದರೆ ಸಾಕು’ ಮತ್ತು ‘ಬಿಡಿಯಾಗಿ ಒಂದೊಂದೂ ಸಾಕು’. ಮೊದಲನೆಯದು ಗಟ್ಟಿಯಾಗಿದೆ ಅನಿಸುತ್ತದೆ. ಎರಡನೆಯದರಲ್ಲಿ ‘ಒಂದೊಂದೂ’ ಅಂದಾಗ ನಿಮ್ಮ ಕಡೆಯ ಮಾತಿನಲ್ಲಿ ‘ಪ್ರತಿಯೊಂದೂ ತಾನೇ ತಾನಾಗಿ’ ಅನ್ನುವ ಅರ್ಥ ನೇರವಾಗಿ ಬರುತ್ತದೆಯೇ? ಇದಕ್ಕಿಂತ ಚಿಕ್ಕದಾಗಿ, ಗೊಂದಲವಿಲ್ಲದೆ ಹೇಳುವ ಮಾತು ಇದ್ದರೆ ದಯವಿಟ್ಟು ತಿಳಿಸಿ. ಗಣಿತ ಪಾಠ ಮಾಡುವವರು ತರಗತಿಯಲ್ಲಿ ಹೇಗೆ ಹೇಳುತ್ತೀರಿ ಅನ್ನುವುದನ್ನೂ ಬರೆಯಿರಿ.